ಆರೋಗ್ಯಸಂಕಲ್ಪ ಮತ್ತು ಅಭ್ಯಾಸ

ಮನುಷ್ಯನು ತನ್ನ ದೇಹಮನಸ್ಸುಗಳ ಹಿತಕ್ಕಾಗಿ ಏನನ್ನು ಕೈಗೊಳ್ಳಬೇಕು, ಏನನ್ನು ಬಿಡಬೇಕು ಎಂಬುದನ್ನು ತನ್ನ ನಿಜಸ್ಥಿತಿಯನ್ನು ಎಚ್ಚರದಿಂದ ಅವಲೋಕಿಸಿ ನಿಶ್ಚಯಿಸಿಕೊಳ್ಳುವುದು ಆರೋಗ್ಯಸಂಕಲ್ಪ. ಹಾಗೆ ನಿಶ್ಚಯಿಸಿದುದು ಮತ್ತೆ ಮತ್ತೆ ಆಚರಣೆಗೆ ಬಂದು, ಕೊನೆಗೆ ವಿಶೇಷ ಪ್ರಯತ್ನವನ್ನು ಬೇಡದೆ ನಡೆಯತಕ್ಕ ನಿತ್ಯಕರ್ಮವಾಗಿ ನೆಲೆಗೊಳ್ಳುವುದು ಅಭ್ಯಾಸ. ನಸುಕಿನಲ್ಲಿ ಏಳುವುದು, ದಿನವೂ ಒಂದಷ್ಟು ದೂರ ನಡೆಯುವುದು, ಉಪ್ಪು ಸಕ್ಕರೆಗಳನ್ನು ಮಿತಗೊಳಿಸುವುದು, ಹೊಗೆಸೊಪ್ಪನ್ನು ತ್ಯಜಿಸುವುದು, ಹೊತ್ತಿಗೆ ಸರಿಯಾಗಿ ಮಲಗುವುದು ಮೊದಲಾದ ಸಂಕಲ್ಪಗಳನ್ನು ಮಾಡದವರು ವಿರಳ. ಮಾಡಿ ಉಳಿಸಿಕೊಂಡವರು ಇನ್ನೂ ವಿರಳ. ಸಂಕಲ್ಪಕ್ಕೂ ಅಭ್ಯಾಸಕ್ಕೂ ನಡುವಣ ಈ ಅಂತರ ಏತಕ್ಕೆ ಉಂಟಾಗುತ್ತದೆ, ಅದನ್ನು ದಾಟುವ ಬಗೆ ಯಾವುದು ಎಂಬ ಪ್ರಶ್ನೆಗಳನ್ನು ಪ್ರಾಚೀನ ವೈದ್ಯಗ್ರಂಥಗಳೂ ಯೋಗಶಾಸ್ತ್ರವೂ ಆಧುನಿಕ ಮನಶ್ಶಾಸ್ತ್ರವೂ ತಮ್ಮ ತಮ್ಮ ರೀತಿಯಲ್ಲಿ ವಿಚಾರಿಸಿವೆ. ಆ ವಿಚಾರಗಳು ಅನೇಕ ಕಡೆ ಒಂದೇ ನಿರ್ಣಯಕ್ಕೆ ಬಂದು ಸೇರುವುದು ಗಮನಾರ್ಹವಾದ ಸಂಗತಿ.

ಆರೋಗ್ಯವೆಂದರೆ ರೋಗವಿಲ್ಲದಿರುವುದು ಮಾತ್ರವಲ್ಲ, ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮದ ಪೂರ್ಣಸ್ಥಿತಿ ಎಂಬ ಅರ್ಥವನ್ನು 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಪ್ರತಿಪಾದಿಸಿತು. 1961ರಲ್ಲಿ ಅಮೆರಿಕದ ವೈದ್ಯ ಹಾಲ್ಬರ್ಟ್ ಡನ್ ಎಂಬಾತನು ಉನ್ನತ ಮಟ್ಟದ ಕ್ಷೇಮವೆಂಬ ಕಲ್ಪನೆಯನ್ನು ಗ್ರಂಥರೂಪದಲ್ಲಿ ಮುಂದಿಟ್ಟನು. ಈಗ ಪ್ರಚಾರದಲ್ಲಿರುವ ‘ವೆಲ್‌ನೆಸ್’ ಎಂಬ ವಿಚಾರಧಾರೆಯು ಬಹುಮಟ್ಟಿಗೆ ಅಲ್ಲಿಂದ ಹರಿದುಬಂದುದು. ಆದರೆ ರೋಗ ಬರುವ ಮುನ್ನವೇ ದಿನದಿನದ ನಡೆವಳಿಕೆಯಿಂದ ಆರೋಗ್ಯವನ್ನು ಕಾಪಾಡಿಕೊಳ್ಳಬೇಕೆಂಬ ಮಾತು ಅದಕ್ಕಿಂತ ಬಹಳ ಹಳೆಯದು.

ವಾಗ್ಭಟನ ಆಯುರ್ವೇದಗ್ರಂಥವಾದ ಅಷ್ಟಾಂಗಹೃದಯದಲ್ಲಿ ಸೂತ್ರಸ್ಥಾನದ ಎರಡನೆಯ ಅಧ್ಯಾಯವೇ ದಿನಚರ್ಯೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದರಿಂದ ಮೊದಲ್ಗೊಂಡು ದಂತಧಾವನ, ಅಭ್ಯಂಗ, ವ್ಯಾಯಾಮ, ಸ್ನಾನ, ಭೋಜನ ಇವುಗಳನ್ನು ಆ ಅಧ್ಯಾಯವು ಒಂದಾದ ಮೇಲೆ ಒಂದರಂತೆ ಪೋಣಿಸಿ ಹೇಳುತ್ತದೆ; ಅದರ ಮುಂದಿನ ಅಧ್ಯಾಯವು ಅದೇ ಚರ್ಯೆಯನ್ನು ಋತುಗಳಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವ ಕ್ರಮವನ್ನು ವಿವರಿಸುತ್ತದೆ. ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ನೋಡಬೇಕು. ಮೊದಲನೆಯದಾಗಿ, ಪ್ರತಿಯೊಂದು ಕರ್ಮಕ್ಕೂ ಅದರ ಹಿಂದಿನ ಕರ್ಮವೇ ಕರೆಗಂಟೆಯಾಗಿದೆ: ಹಲ್ಲುಜ್ಜಿದ ಮೇಲೆ ಎಣ್ಣೆ, ಎಣ್ಣೆಯಾದ ಮೇಲೆ ವ್ಯಾಯಾಮ, ವ್ಯಾಯಾಮವಾದ ಮೇಲೆ ಸ್ನಾನ ಎಂಬ ಸರಣಿಯಲ್ಲಿ ‘ಈಗ ಏನು ಮಾಡಲಿ’ ಎಂಬ ಆಲೋಚನೆಗೆ ಅವಕಾಶವೇ ಉಳಿಯುವುದಿಲ್ಲ. ಎರಡನೆಯದಾಗಿ, ಬಲಶಾಲಿಯಾದವನು ಕೂಡ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದೆಂದು, ಅದೂ ಚಳಿಗಾಲ ವಸಂತಗಳಲ್ಲಿ ಹಾಗಿರಬೇಕೆಂದು, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಸಾಕೆಂದು ವಾಗ್ಭಟನು ವಿಧಿಸುತ್ತಾನೆ. ನಾಳೆಯೂ ಮಾಡಬೇಕಾದ ಕೆಲಸವನ್ನು ಇಂದೇ ಮೈ ಸೋತುಬೀಳುವಂತೆ ಮಾಡಬಾರದೆಂಬ ಈ ವಿವೇಕವನ್ನು, ಮೊದಲ ವಾರದ ಉತ್ಸಾಹದಲ್ಲಿ ವ್ಯಾಯಾಮಶಾಲೆಯ ಭಾರಗಳನ್ನೆಲ್ಲ ಎತ್ತಿ ಮೂರನೆಯ ವಾರಕ್ಕೆ ಆ ಕಡೆ ತಲೆಹಾಕದವರು ಅವಶ್ಯವಾಗಿ ಅರಿಯಬೇಕು.

ಅಭ್ಯಾಸವನ್ನು ಬದಲಿಸುವ ವಿಷಯದಲ್ಲಿ ಚರಕಸಂಹಿತೆಯು ಇನ್ನೂ ಸೂಕ್ಷ್ಮವಾದ ಮಾತನ್ನು ಆಡುತ್ತದೆ. ಬಹುಕಾಲದ ರೂಢಿಯಿಂದ ದೇಹಕ್ಕೆ ಒಗ್ಗಿಹೋದುದನ್ನು ಆ ಗ್ರಂಥವು ಓಕಸಾತ್ಮ್ಯವೆಂದು ಕರೆಯುತ್ತದೆ. ಅಹಿತವಾದುದೇ ಆಗಿದ್ದರೂ ಹೀಗೆ ಒಗ್ಗಿದುದನ್ನು ಒಮ್ಮೆಗೇ ಕಿತ್ತೆಸೆಯಬಾರದು. ಕಾಲುಕಾಲು ಭಾಗವಾಗಿ ಅದನ್ನು ಬಿಡುತ್ತ, ಅಷ್ಟಷ್ಟೇ ಪ್ರಮಾಣದಲ್ಲಿ ಹಿತವಾದುದನ್ನು ಕೂಡಿಸುತ್ತ, ಒಂದು ಹಂತಕ್ಕೂ ಮತ್ತೊಂದು ಹಂತಕ್ಕೂ ಒಂದು, ಎರಡು, ಮೂರು ದಿನಗಳಂತೆ ಅಂತರವನ್ನು ಹೆಚ್ಚಿಸುತ್ತ ಸಾಗಬೇಕೆಂದು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ವಿಧಾನವಿದೆ. ಪಾದಾಂಶಿಕ ಕ್ರಮವೆಂಬುದು ಇದರ ಹೆಸರು. ಕ್ರಮವಾಗಿ ಇಳಿಸಿದ ದೋಷಗಳು ಮರಳಿ ತಲೆಯೆತ್ತುವುದಿಲ್ಲ, ಕ್ರಮವಾಗಿ ಗಳಿಸಿದ ಗುಣಗಳು ಅಲುಗಾಡುವುದಿಲ್ಲ ಎಂಬ ಕಾರಣವನ್ನೂ ಅಲ್ಲಿಯೇ ಕೊಟ್ಟಿದೆ. ನಾಲ್ಕು ಚಮಚ ಸಕ್ಕರೆಯ ಕಾಫಿಗೆ ಒಗ್ಗಿದವನು ಮೂರಕ್ಕೆ ಇಳಿದು, ನಾಲಗೆ ಅದಕ್ಕೆ ಹೊಂದಿಕೊಂಡ ಮೇಲೆ ಎರಡಕ್ಕೆ ಇಳಿಯುವ ನಮ್ಮ ಮನೆಗಳ ಪದ್ಧತಿಯು ಈ ಕ್ರಮದ್ದೇ.

ಪತಂಜಲಿಯ ಯೋಗಸೂತ್ರಗಳು ಚಿತ್ತವೃತ್ತಿಯ ನಿರೋಧಕ್ಕೆ ಅಭ್ಯಾಸ, ವೈರಾಗ್ಯಗಳೆಂಬ ಎರಡನ್ನು ಸಾಧನವಾಗಿ ಹೇಳಿ, ದೀರ್ಘಕಾಲ, ಎಡೆಬಿಡದೆ, ಆದರದಿಂದ ಸೇವಿಸಿದಾಗ ಮಾತ್ರ ಅಭ್ಯಾಸವು ದೃಢಭೂಮಿಯಾಗುತ್ತದೆಂದು ಲಕ್ಷಣವನ್ನು ಮಾಡುತ್ತವೆ. ಕಾಲ ಮತ್ತು ಸಾತತ್ಯಗಳನ್ನು ಎಲ್ಲರೂ ನೆನೆಯುತ್ತಾರೆ; ಆದರವೆಂಬ ಮೂರನೆಯದು ಬಹುಜನಕ್ಕೆ ಮರೆತುಹೋಗುತ್ತದೆ. ತನ್ನನ್ನು ತಾನು ಬೈದುಕೊಂಡು, ತನ್ನ ದೇಹವನ್ನು ಹೀನೈಸಿಕೊಂಡು ಮಾಡಿದ ನಿಯಮವು ಅಭ್ಯಾಸವಾಗಿ ಬೇರುಬಿಡುವುದು ಕಷ್ಟ.

ಧಾರ್ಮಿಕ ವ್ರತಗಳ ಉದ್ದೇಶವು ದೇಹಾರೋಗ್ಯವಲ್ಲವಾದರೂ, ಸಂಕಲ್ಪವನ್ನು ಆಚರಣೆಯಾಗಿಸುವ ಅವುಗಳ ರಚನೆಯು ಇಲ್ಲಿ ವಿಚಾರಯೋಗ್ಯವಾಗಿದೆ. ಪೂಜೆಯ ಮೊದಲಿನ ಸಂಕಲ್ಪದಲ್ಲಿ ಕರ್ತೃವು ತಾನಿರುವ ದೇಶವನ್ನೂ ನದೀತೀರವನ್ನೂ ಸಂವತ್ಸರ, ಮಾಸ, ಪಕ್ಷ, ತಿಥಿಗಳನ್ನೂ ಉಚ್ಚರಿಸಿ, ಆಮೇಲೆ ತಾನು ಮಾಡುವ ಕರ್ಮವನ್ನು ಹೇಳುತ್ತಾನೆ. ಎಲ್ಲಿ, ಎಂದು, ಏನು ಎಂಬ ಮೂರೂ ನಿಶ್ಚಯವಾಗದೆ ಕರ್ಮವು ಆರಂಭವಾಗುವುದಿಲ್ಲ. ಉಡುಪಿಯ ಮಾಧ್ವಸಂಪ್ರದಾಯದಲ್ಲಿ ರೂಢಿಯಲ್ಲಿರುವ ಚಾತುರ್ಮಾಸ್ಯವ್ರತದಲ್ಲಿ ಮೊದಲ ತಿಂಗಳು ತರಕಾರಿ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ಬೇಳೆಕಾಳುಗಳು ವರ್ಜ್ಯ. ತ್ಯಾಗವು ಒಮ್ಮೆಗೆ ಒಂದೇ, ಅದಕ್ಕೊಂದು ಅವಧಿ, ಮನೆಮಂದಿಗೆಲ್ಲ ಅದು ತಿಳಿದಿರುವುದು, ಆ ತಿಂಗಳಿಗೆ ಹೊಂದುವ ಅಡಿಗೆಯನ್ನು ಮನೆಯ ಹೆಂಗಸರು ಪರಂಪರೆಯಿಂದ ಬಲ್ಲವರಾಗಿರುವುದು, ಇವೆಲ್ಲ ಸೇರಿ ಆ ನಿಯಮವನ್ನು ಒಬ್ಬನ ಮನೋಬಲದ ಮೇಲೆ ಮಾತ್ರ ನಿಲ್ಲದಂತೆ ಮಾಡಿವೆ.

ಪಾಶ್ಚಾತ್ಯರಲ್ಲಿ ಅರಿಸ್ಟಾಟಲನು ಸದ್ಗುಣವು ಅಭ್ಯಾಸದಿಂದ ಉಂಟಾಗುವುದೆಂದು ತನ್ನ ನೀತಿಶಾಸ್ತ್ರದಲ್ಲಿ ನಿರೂಪಿಸಿದನು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಗುಣಗಳನ್ನು ಪಟ್ಟಿಮಾಡಿ, ವಾರಕ್ಕೊಂದರ ಮೇಲೆ ಲಕ್ಷ್ಯವಿಟ್ಟು, ತಪ್ಪಿದ ದಿನ ಕಿರುಪುಸ್ತಕದಲ್ಲಿ ಚುಕ್ಕೆಯಿಡುತ್ತ, ವರ್ಷಕ್ಕೆ ನಾಲ್ಕು ಆವರ್ತನೆಗಳನ್ನು ಮುಗಿಸುವ ಕ್ರಮವನ್ನು ತನ್ನ ಆತ್ಮಕಥೆಯಲ್ಲಿ ವರ್ಣಿಸಿದ್ದಾನೆ. ಆ ಪಟ್ಟಿಯಲ್ಲಿ ಮೊದಲನೆಯದು ಆಹಾರಪಾನಗಳ ಮಿತಿ. ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಅಭ್ಯಾಸಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಹೊಸ ಅಭ್ಯಾಸವನ್ನು ದೃಢನಿಶ್ಚಯದಿಂದ ಆರಂಭಿಸಬೇಕು, ಅದು ಬೇರೂರುವ ತನಕ ಒಂದು ಅಪವಾದಕ್ಕೂ ಎಡೆಗೊಡಬಾರದು ಎಂದು ಉಪದೇಶಿಸಿದನು. ಈ ಎರಡನೆಯ ಉಪದೇಶದ ಕಾಠಿಣ್ಯವನ್ನು ಈಚಿನ ಸಂಶೋಧನೆಯು ಸ್ವಲ್ಪ ಸಡಿಲಿಸಿರುವುದನ್ನು ಮುಂದೆ ನೋಡಬಹುದು.

ಒಂದು ಕ್ರಿಯೆಯು ಅಭ್ಯಾಸವಾಗುವುದು ಹೇಗೆ ಎಂಬುದರ ಸ್ಥೂಲಚಿತ್ರ ಈಗ ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ಒಂದು ನಿಶ್ಚಿತ ಸನ್ನಿವೇಶದಲ್ಲಿ ಒಂದು ಕ್ರಿಯೆಯನ್ನು ಮಾಡಿ ಅದರಿಂದ ಏನಾದರೊಂದು ತೃಪ್ತಿ ದೊರೆತರೆ, ಅದೇ ಸನ್ನಿವೇಶ ಮತ್ತೆ ಒದಗಿದಾಗ ಅದೇ ಕ್ರಿಯೆ ನಡೆಯುವ ಸಂಭವ ಹೆಚ್ಚುತ್ತದೆ. 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿಟ್ಟು ಪ್ರಯೋಗಗಳನ್ನು ಪ್ರಕಟಿಸಿದ ಎಡ್ವರ್ಡ್ ಥಾರ್ನ್‌ಡೈಕನ ನಿಯಮದ ಸಾರವಿದು. ನರವಿಜ್ಞಾನಿ ಆನ್ ಗ್ರೇಬಿಯಲ್ ಮತ್ತು ಆಕೆಯ ಸಂಗಡಿಗರು ಇಲಿಗಳ ಮಿದುಳಿನ ತಳಭಾಗದ ನರಗಂಟುಗಳನ್ನು ಪರೀಕ್ಷಿಸಿ, ಕವಲುದಾರಿಯಲ್ಲಿನ ಓಟವು ರೂಢಿಯಾದಂತೆಲ್ಲ ಅಲ್ಲಿಯ ನರಕೋಶಗಳ ಚಟುವಟಿಕೆಯು ಓಟದ ಆದಿ ಮತ್ತು ಅಂತ್ಯಗಳಲ್ಲಿ ಸಾಂದ್ರವಾಗಿ ನಡುವೆ ತಗ್ಗುವುದನ್ನು ಕಂಡರು. ರೂಢಿಗೆ ಬಂದ ಕ್ರಿಯಾಸರಣಿಯನ್ನು ಮಿದುಳು ಒಂದೇ ಘಟಕವಾಗಿ ಕಟ್ಟಿಡುತ್ತದೆಂದು ಇದರಿಂದ ಊಹಿಸಲಾಗಿದೆ. ಇಪ್ಪತ್ತೊಂದು ದಿನಗಳಲ್ಲಿ ಯಾವ ಅಭ್ಯಾಸವಾದರೂ ಕೈವಶವಾಗುತ್ತದೆಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಶಸ್ತ್ರವೈದ್ಯನು 1960ರ ತನ್ನ ಪುಸ್ತಕದಲ್ಲಿ, ರೋಗಿಗಳು ಶಸ್ತ್ರಚಿಕಿತ್ಸೆಯಿಂದ ಬದಲಾದ ತಮ್ಮ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು ಅಷ್ಟು ದಿನ ಬೇಕೆಂದು ಬರೆದುದು. ಕನಿಷ್ಠವೆಂಬ ಪದವನ್ನು ಜನರು ಕೈಬಿಟ್ಟರು. ಮುಖವನ್ನು ಕುರಿತ ಮಾತನ್ನು ಎಲ್ಲ ಅಭ್ಯಾಸಗಳಿಗೂ ಹಚ್ಚಿದರು. ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿ ಸ್ವಯಂಸೇವಕರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟತಿಂಡಿ, ಪಾನ ಅಥವಾ ವ್ಯಾಯಾಮಕ್ಕೆ ಸಂಬಂಧಿಸಿದ ಒಂದೊಂದು ಕ್ರಿಯೆಯನ್ನು ಪ್ರತಿಯೊಬ್ಬರೂ ದಿನದ ಒಂದು ನಿಶ್ಚಿತ ಘಟನೆಗೆ ಜೋಡಿಸಿ ಮಾಡಿದರು. ಕ್ರಿಯೆಯು ಸಹಜವಾಗುವುದಕ್ಕೆ ಹಿಡಿದ ಕಾಲದ ಮಧ್ಯಾಂಕ 66 ದಿನ. ಆದರೆ ವ್ಯಕ್ತಿ ವ್ಯಕ್ತಿಗೂ ಕ್ರಿಯೆ ಕ್ರಿಯೆಗೂ ಅದು, ಗಣಿತದ ಮಾದರಿಯಿಂದ ಮಾಡಿದ ಅಂದಾಜಿನಂತೆ, 18ರಿಂದ 254 ದಿನಗಳ ವರೆಗೆ ಹರಡಿತ್ತು. ಈ ಲೆಕ್ಕವು ಆ ಮಾದರಿಗೆ ಚೆನ್ನಾಗಿ ಹೊಂದಿಬಂದ 39 ಮಂದಿಯದಾದ್ದರಿಂದ 66 ಎಂಬ ಸಂಖ್ಯೆಯನ್ನೂ ಇನ್ನೊಂದು ಮಂತ್ರವನ್ನಾಗಿ ಮಾಡಿಕೊಳ್ಳುವುದು ತರವಲ್ಲ. ವ್ಯಾಯಾಮಕ್ಕೆ ನೀರು ಕುಡಿಯುವಂಥ ಸರಳ ಕ್ರಿಯೆಗಿಂತ ಹೆಚ್ಚು ಕಾಲ ಹಿಡಿಯಿತೆಂಬುದೂ, ನಡುವೆ ಒಂದು ದಿನ ತಪ್ಪಿದುದರಿಂದ ಒಟ್ಟು ಪ್ರಗತಿಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲವೆಂಬುದೂ ಆ ಅಧ್ಯಯನದ ಹೆಚ್ಚು ಬೆಲೆಯುಳ್ಳ ಫಲಿತಾಂಶಗಳು.

ಗುರಿಯನ್ನು ಆರಿಸುವ ವಿಷಯ ಬೇರೆ. ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲಿ ಪ್ರಕಟಿಸಿದ ಲೇಖನದಿಂದ ಮೊದಲಾಗಿ ಮುಂದೆ ಗ್ಯಾರಿ ಲೇಥಮನೊಡನೆ ಬೆಳೆಸಿದ ಸಿದ್ಧಾಂತದ ಪ್ರಕಾರ, ‘ಕೈಲಾದಷ್ಟು ಮಾಡು’ ಎಂಬ ಅಸ್ಪಷ್ಟ ಆದೇಶಕ್ಕಿಂತ ಸ್ಪಷ್ಟವೂ ಶ್ರಮಸಾಧ್ಯವೂ ಆದ ಗುರಿಯು ಹೆಚ್ಚಿನ ಕಾರ್ಯವನ್ನು ಹೊರಡಿಸುತ್ತದೆ. 1981ರಲ್ಲಿ ಜಾರ್ಜ್ ಡೊರಾನ್ ಆಡಳಿತಗಾರರಿಗಾಗಿ ಬರೆದ ಲೇಖನದಿಂದ, ಗುರಿಯು ನಿರ್ದಿಷ್ಟವೂ ಅಳೆಯತಕ್ಕದ್ದೂ ಕಾಲಬದ್ಧವೂ ಆಗಿರಬೇಕೆನ್ನುವ ‘ಸ್ಮಾರ್ಟ್’ ಗುರಿಯೆಂಬ ಸೂತ್ರವು ಹುಟ್ಟಿತು. ಕಚೇರಿ ಕಾರ್ಖಾನೆಗಳ ಉತ್ಪಾದನೆಯನ್ನು ಅಳೆಯಲು ಹುಟ್ಟಿದ ಈ ಮಾನದಂಡಗಳು ದೇಹದ ವಿಷಯದಲ್ಲಿ ಅರ್ಧ ಮಾತ್ರ ಸಲ್ಲುತ್ತವೆಂದು ಹೇಳಬೇಕಾಗಿದೆ. ತೂಕವು ಮೂರು ತಿಂಗಳಲ್ಲಿ ಇಷ್ಟು ಇಳಿಯಬೇಕೆಂಬುದು ಸ್ಪಷ್ಟವಾದ ಗುರಿಯೇನೋ ಹೌದು. ಆದರೆ ಇಳಿಯುವುದು ಇಳಿಯದಿರುವುದು ಪೂರ್ತಿಯಾಗಿ ಸಂಕಲ್ಪಿಸಿದವನ ಕೈಯಲ್ಲಿಲ್ಲ, ಸಂಜೆ ಅರ್ಧ ಗಂಟೆ ನಡೆಯುವುದು ಬಹುಮಟ್ಟಿಗೆ ಅವನ ಕೈಯಲ್ಲಿದೆ. ಆದುದರಿಂದ ಫಲವನ್ನು ಗುರಿಯಾಗಿಟ್ಟುಕೊಳ್ಳುವುದಕ್ಕಿಂತ ಕ್ರಿಯೆಯನ್ನು ಗುರಿಯಾಗಿಟ್ಟುಕೊಳ್ಳುವುದು ಮೇಲು. ಸಂಖ್ಯೆಗಳ ಮೂಲವನ್ನು ವಿಚಾರಿಸುವುದೂ ಒಳ್ಳೆಯದು: ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಪ್ರಸಿದ್ಧ ಪ್ರಮಾಣವು ವೈದ್ಯರ ಅಧ್ಯಯನದಿಂದ ಹುಟ್ಟಿದುದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೋ-ಕೇ’ ಎಂಬ ಹೆಜ್ಜೆಯೆಣಿಕೆಯ ಯಂತ್ರದ ಹೆಸರಿನಿಂದ ಹರಡಿದುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಹೇಳುವುದಲ್ಲದೆ, ಅಷ್ಟು ಸಾಧ್ಯವಾಗದವರಿಗೆ ಸ್ವಲ್ಪವಾದರೂ ಏನೂ ಇಲ್ಲದುದಕ್ಕಿಂತ ಲೇಸೆಂದು ಸ್ಪಷ್ಟಪಡಿಸುತ್ತದೆ. ಉಪ್ಪಿನ ವಿಷಯದಲ್ಲಿ ಆ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ನಮ್ಮ ಊಟದಲ್ಲಿ ಈ ಮಿತಿ ಮೀರುವುದು ಸುಲಭ.

ಗುರಿಯನ್ನು ಸಾವಧಾನದಿಂದ ಆರಿಸುವುದೆಂದರೆ, ಪರರನ್ನು ನೋಡಿ ಹುಟ್ಟಿದ ಆಸೆಯನ್ನೂ ತನ್ನ ದೇಹವು ನಿಜವಾಗಿ ಕೇಳುತ್ತಿರುವುದನ್ನೂ ಬೇರ್ಪಡಿಸಿ ನೋಡುವುದು. ಇಂಥ ನೋಟವನ್ನು ಬೌದ್ಧಸಂಪ್ರದಾಯವು ಉಸಿರು, ದೇಹ, ವೇದನೆ, ಚಿತ್ತಗಳ ಮೇಲೆ ಸ್ಮೃತಿಯನ್ನು ನೆಲೆಗೊಳಿಸುವ ಸಾಧನೆಯಾಗಿ ಬೆಳೆಸಿತು. 1979ರಲ್ಲಿ ಜಾನ್ ಕಬಾತ್-ಜಿನ್ ಅದನ್ನು ಮತೀಯ ಚೌಕಟ್ಟಿನಿಂದ ಬಿಡಿಸಿ, ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಕೆಲವು ವಾರಗಳ ಶಿಕ್ಷಣಕ್ರಮವನ್ನಾಗಿ ರೂಪಿಸಿದನು. ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರಿನಲ್ಲಿ ಇಂದು ಆಸ್ಪತ್ರೆ, ಶಾಲೆ, ಕಂಪನಿಗಳಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಅದರ ಸಂತತಿ. ಈ ಕ್ರಮದಲ್ಲಿ ಕಲಿಸುವ ನೋಟಕ್ಕೆ ಒಂದು ಉದಾಹರಣೆ: ಹಸಿವಿಲ್ಲದಿದ್ದರೂ ಕೈಯು ಕುರುಕುತಿಂಡಿಯ ಡಬ್ಬಿಯ ಕಡೆಗೆ ಹೋದಾಗ, ಆ ಕ್ಷಣದಲ್ಲಿ ಬೇಸರವಿತ್ತೆ, ಆತಂಕವಿತ್ತೆ, ಆಯಾಸವಿತ್ತೆ ಎಂದು ತನ್ನನ್ನು ದೂಷಿಸದೆ ಗುರುತಿಸಿಕೊಳ್ಳುವುದು. ಹಾಗೆ ಗುರುತಿಸಿದವನಿಗೆ ತನ್ನ ಗುರಿ ತಿಂಡಿಯನ್ನು ಬಿಡುವುದಲ್ಲ, ಮಧ್ಯಾಹ್ನ ಸ್ವಲ್ಪ ವಿಶ್ರಾಂತಿ ಪಡೆಯುವುದು ಎಂಬುದು ತಿಳಿದುಬರಬಹುದು.

ಇಲ್ಲಿ ಒಂದು ಸಂದೇಹ ಸಹಜವಾಗಿಯೇ ಏಳುತ್ತದೆ. ಅಭ್ಯಾಸವು ಎಚ್ಚರವಿಲ್ಲದೆ ನಡೆಯುವ ಕ್ರಿಯೆ. ಸಾವಧಾನವು ಎಚ್ಚರವೇ ಆದ ಸ್ಥಿತಿ. ಇವೆರಡೂ ಒಂದೆಡೆ ಇರುವುದು ಹೇಗೆ? ಇದಕ್ಕೆ ಸಮಾಧಾನವಿರುವುದು ಕ್ರಿಯೆಯ ಆರಂಭವನ್ನೂ ಕ್ರಿಯೆಯನ್ನೂ ಬೇರೆಬೇರೆಯಾಗಿ ಕಾಣುವುದರಲ್ಲಿ. ಅಭ್ಯಾಸಕ್ಕೆ ಒಪ್ಪಿಸಬೇಕಾದುದು ಆರಂಭವನ್ನು: ಇಂದು ಹೋಗಲೋ ಬೇಡವೋ, ಈಗಲೋ ಆಮೇಲೋ ಎಂಬ ಚರ್ಚೆಯನ್ನು ಅದು ಮುಗಿಸಿಬಿಡುತ್ತದೆ. ಆ ಚರ್ಚೆಯಲ್ಲಿ ವ್ಯಯವಾಗುತ್ತಿದ್ದ ಮನಸ್ಸು ಬಿಡುಗಡೆ ಹೊಂದಿ, ನಡೆಯುವಾಗ ನಡಿಗೆಯನ್ನು, ಉಣ್ಣುವಾಗ ರುಚಿಯನ್ನು, ಉಸಿರಾಡುವಾಗ ಉಸಿರನ್ನು ಗಮನಿಸಲು ಸಮರ್ಥವಾಗುತ್ತದೆ. ಆರಂಭವು ರೂಢಿಗೆ, ಆಚರಣೆಯು ಎಚ್ಚರಕ್ಕೆ ಎಂಬ ಈ ವಿಭಾಗವನ್ನು ತಿಳಿಯದವರು ದಿನವೂ ಆರಂಭದಲ್ಲಿ ಹೋರಾಡಿ, ಆಚರಣೆಯಲ್ಲಿ ಮೈಮರೆಯುತ್ತಾರೆ.

ಇದಕ್ಕೆ ಕರ್ನಾಟಕದಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1933ರಲ್ಲಿ ಯೋಗಶಾಲೆಯನ್ನು ನಡೆಸತೊಡಗಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿ ಪ್ರಕಟಿಸಿದರು. ಅವರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರದಲ್ಲಿ ಸ್ಥಾಪಿಸಿದ ಶಾಲೆಯಿಂದ, ಇಂದು ಲೋಕದ ಅನೇಕ ನಗರಗಳಲ್ಲಿ ‘ಮೈಸೂರು ಶೈಲಿ’ ಎಂದೇ ಹೆಸರಾದ ಅಭ್ಯಾಸಕ್ರಮವು ಹರಡಿತು. ಈ ಕ್ರಮದಲ್ಲಿ ಗುರುವು ಎಲ್ಲರಿಗೂ ಒಟ್ಟಿಗೆ ಆಜ್ಞೆ ಕೊಡುವುದಿಲ್ಲ. ಮುಂಜಾನೆ ಬಂದ ವಿದ್ಯಾರ್ಥಿಯು ತನಗೆ ಬಂದಷ್ಟು ಆಸನಗಳನ್ನು ನಿಶ್ಚಿತವಾದ ಅನುಕ್ರಮದಲ್ಲಿ ತಾನೇ ಮಾಡಿಕೊಂಡು ಹೋಗುತ್ತಾನೆ. ಹೊಸಬನಿಗೆ ಮೊದಲು ದೊರೆಯುವುದು ಸೂರ್ಯನಮಸ್ಕಾರವೂ ಕೆಲವೇ ನಿಂತ ಭಂಗಿಗಳೂ ಮಾತ್ರ. ಒಂದು ಆಸನವು ಮೈಗೂಡಿದ ಮೇಲೆ ಮುಂದಿನದನ್ನು ಕೊಡುವುದು ರೂಢಿ. ಅಮಾವಾಸ್ಯೆ ಹುಣ್ಣಿಮೆಗಳಂದು ವಿಶ್ರಾಂತಿಯು ನಿಯಮದಲ್ಲಿಯೇ ಸೇರಿದೆ. ಅನುಕ್ರಮವು ಬದಲಾಗದಿರುವುದರಿಂದ ಮುಂದೇನೆಂಬ ಯೋಚನೆಯಿಲ್ಲ. ಹಾಗೆ ಬಿಡುವಾದ ಗಮನವನ್ನು ತ್ರಿಸ್ಥಾನವೆಂದು ಕರೆಯುವ ಉಸಿರು, ಆಸನ, ದೃಷ್ಟಿಗಳ ಮೇಲೆ ನಿಲ್ಲಿಸಬೇಕೆಂಬುದು ಬೋಧನೆ. ಚಿಕ್ಕದಾಗಿ ತೊಡಗುವುದು, ಕ್ರಮವಾಗಿ ಕೂಡಿಸುವುದು, ವಿಶ್ರಾಂತಿಯನ್ನು ಮೊದಲೇ ಗೊತ್ತುಮಾಡುವುದು, ಇತರರ ನಡುವೆ ಇದ್ದು ತನ್ನ ಪಾಡಿಗೆ ತಾನು ಅಭ್ಯಾಸ ಮಾಡುವುದು, ಇವೆಲ್ಲ ಇಲ್ಲಿ ಒಂದೇ ಕಡೆ ಕೂಡಿಬಂದಿವೆ. 2009ರಲ್ಲಿ ಜೋಯಿಸರು ತೀರಿಕೊಂಡ ತರುವಾಯ, ಆಸನವನ್ನು ತಿದ್ದುವ ನೆಪದಲ್ಲಿ ಅವರು ಅನುಚಿತವಾಗಿ ಸ್ಪರ್ಶಿಸಿದರೆಂದು ಹಲವು ಶಿಷ್ಯೆಯರು ಬಹಿರಂಗವಾಗಿ ಆರೋಪಿಸಿದುದನ್ನೂ ಇಲ್ಲಿ ದಾಖಲಿಸಬೇಕು. ಪದ್ಧತಿಯು ಎಷ್ಟೇ ಉತ್ತಮವಾಗಿರಲಿ, ಅಭ್ಯಾಸಿಯು ತನ್ನ ದೇಹವು ಬೇಡವೆನ್ನುವುದನ್ನು ಕೇಳಿಸಿಕೊಳ್ಳುವ ಮತ್ತು ಅದನ್ನು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯವನ್ನು ಯಾರಿಗೂ ಒಪ್ಪಿಸಕೂಡದು.

ಆರಂಭವನ್ನು ರೂಢಿಗೆ ಒಪ್ಪಿಸುವ ಉಪಾಯಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದುದು ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಪ್ರತಿಪಾದಿಸಿದ ಕಾರ್ಯಸಂಕಲ್ಪ. ‘ವ್ಯಾಯಾಮ ಮಾಡುತ್ತೇನೆ’ ಎನ್ನುವುದರ ಬದಲು, ‘ಬೆಳಗಿನ ಕಾಫಿ ಕುಡಿದು ಲೋಟ ತೊಳೆದಿಟ್ಟೊಡನೆ ಚಪ್ಪಲಿ ಮೆಟ್ಟಿ ಕೆರೆಯ ಏರಿಯ ತನಕ ಹೋಗಿಬರುತ್ತೇನೆ’ ಎಂದು ಹೊತ್ತು, ಸ್ಥಳ, ಸೂಚನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಇದರ ಸ್ವರೂಪ. ಬ್ರಿಟನ್ನಿನಲ್ಲಿ 248 ಮಂದಿ ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಾರದಲ್ಲಿ ಒಮ್ಮೆಯಾದರೂ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಿದವರು ಸಾಮಾನ್ಯ ಗುಂಪಿನಲ್ಲಿ ನೂರಕ್ಕೆ 38. ವ್ಯಾಯಾಮದ ಮಹತ್ತ್ವವನ್ನು ಓದಿ ಪ್ರೇರಿತರಾದವರಲ್ಲಿ 35. ಆ ಪ್ರೇರಣೆಯ ಜೊತೆಗೆ ಎಂದು, ಎಲ್ಲಿ ಮಾಡುವೆನೆಂಬುದನ್ನು ಬರೆದುಕೊಟ್ಟವರಲ್ಲಿ 91. ಒಂದು ವಾರದ ಪ್ರಯೋಗದಿಂದ ಆಯುಷ್ಯದ ಅಭ್ಯಾಸವನ್ನು ಅಳೆಯಲಾಗದಾದರೂ, ಉಪದೇಶವೊಂದರಿಂದಲೇ ನಡತೆಯು ಬದಲಾಗದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ. ನಮ್ಮ ಮನೆಗಳಲ್ಲಿ ಇಂಥ ಸೂಚನೆಗಳಿಗೆ ಕೊರತೆಯಿಲ್ಲ: ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಉಸಿರನ್ನು ಗಮನಿಸುತ್ತ ಕೂರಬಹುದು, ರಾತ್ರಿ ಊಟದ ತಟ್ಟೆಯನ್ನು ತೊಳೆದಿಟ್ಟ ಮೇಲೆ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು ಬರಬಹುದು. ದುರಭ್ಯಾಸವನ್ನು ಬಿಡುವಾಗ ಇದೇ ತತ್ತ್ವವು ತಿರುಗುಮುರುಗಾಗಿ ಅನ್ವಯಿಸುತ್ತದೆ. ಕಣ್ಣಿಗೆ ಬೀಳದ, ಕೈಗೆ ಎಟುಕದ ವಸ್ತುವಿನ ಮೇಲೆ ಮನಸ್ಸು ಓಡುವುದು ಕಡಿಮೆ.

ಎಷ್ಟೇ ಜಾಗರೂಕನಾದರೂ ಮನುಷ್ಯನು ಒಮ್ಮೊಮ್ಮೆ ತಪ್ಪುತ್ತಾನೆ. ಮದುವೆಯ ಮನೆ, ಕಾಯಿಲೆ, ಪರೀಕ್ಷೆ, ಸಾವು ಇವುಗಳ ನಡುವೆ ನಿಯಮವು ಮುರಿಯುತ್ತದೆ. ಮುರಿದುದಕ್ಕಿಂತ ಹೆಚ್ಚಿನ ಹಾನಿಯು ‘ಹೇಗೂ ಕೆಟ್ಟಿತು, ಇನ್ನೇನು’ ಎಂಬ ಭಾವನೆಯಿಂದ ಬರುತ್ತದೆಂಬುದನ್ನು ಮದ್ಯವ್ಯಸನಿಗಳ ಚಿಕಿತ್ಸೆಯಲ್ಲಿ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞನು ಕಂಡು, 1985ರಲ್ಲಿ ಜೂಡಿತ್ ಗಾರ್ಡನ್ ಜೊತೆಗೂಡಿ ಸಂಪಾದಿಸಿದ ಗ್ರಂಥದಲ್ಲಿ ವಿಸ್ತರಿಸಿದನು. ಒಂದು ದಿನದ ಲೋಪವನ್ನು ತನ್ನ ಸ್ವಭಾವದ ದೋಷವೆಂದು ತೀರ್ಪುಕೊಟ್ಟುಕೊಳ್ಳುವವನು ಪೂರ್ತಿಯಾಗಿ ಜಾರುತ್ತಾನೆ. ಯಾವ ಸನ್ನಿವೇಶದಲ್ಲಿ ತಪ್ಪಿತೆಂದು ನೋಡಿಕೊಳ್ಳುವವನು ಮರುದಿನ ಹಿಂದಿರುಗುತ್ತಾನೆ. ಜೇಮ್ಸನ ಅಪವಾದವಿಲ್ಲದ ನಿಯಮಕ್ಕಿಂತ, ಎರಡನೆಯ ದಿನ ತಪ್ಪಿಸಬೇಡವೆಂಬ ಮೃದುವಾದ ನಿಯಮವು ಮನುಷ್ಯಸ್ವಭಾವಕ್ಕೆ ಹೆಚ್ಚು ಹೊಂದುತ್ತದೆ. ಹೊಸ ವರ್ಷ, ಹುಟ್ಟುಹಬ್ಬ, ತಿಂಗಳ ಮೊದಲ ದಿನ ಮುಂತಾದ ಗಡಿದಿನಗಳಲ್ಲಿ ಹೊಸ ಸಂಕಲ್ಪದ ಉತ್ಸಾಹ ಹೆಚ್ಚುವುದನ್ನು ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ. ಆ ಉತ್ಸಾಹವನ್ನು ಬಳಸಿಕೊಳ್ಳಬಹುದು, ಆದರೆ ತಪ್ಪಿದವನು ಮುಂದಿನ ಯುಗಾದಿಗಾಗಿ ಕಾಯಬೇಕಾಗಿಲ್ಲ.

ಈ ವಿಧಾನಗಳಿಗೆ ಎಲ್ಲೆಗಳೂ ಉಂಟು. ಹೊಗೆಸೊಪ್ಪು, ಮದ್ಯಗಳ ಅವಲಂಬನೆಯು ಬರಿಯ ಅಭ್ಯಾಸವಲ್ಲ, ರೋಗ; ಬಹುಕಾಲ ಕುಡಿದವನು ಹಠಾತ್ತನೆ ನಿಲ್ಲಿಸುವುದರಿಂದ ಪ್ರಾಣಾಪಾಯವೂ ಇರುವುದರಿಂದ ವೈದ್ಯಸಹಾಯ ಅವಶ್ಯಕ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗಾಗಿಯೇ ಪ್ರತ್ಯೇಕ ಕೇಂದ್ರವಿದೆ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳೂ ಹೃದ್ರೋಗಿಗಳೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಉಪವಾಸವನ್ನಾಗಲಿ ಕಠಿಣ ವ್ಯಾಯಾಮವನ್ನಾಗಲಿ ಕೈಗೊಳ್ಳತಕ್ಕದ್ದಲ್ಲ. ಹೆಜ್ಜೆ, ನಿದ್ರೆ, ನಾಡಿಗಳನ್ನು ಸದಾ ಎಣಿಸುವ ಕೈಗಡಿಯಾರಗಳು ಕೆಲವರಿಗೆ ಸ್ಮರಣೆಯ ಸಹಾಯಕವಾದರೆ, ಕೆಲವರಿಗೆ ಹೊಸ ಚಿಂತೆಯನ್ನು ತಂದಿಕ್ಕುತ್ತವೆ. ಎಣಿಕೆಯಿಂದ ನೆಮ್ಮದಿ ಕೆಡುವುದಾದರೆ ಎಣಿಕೆಯನ್ನು ಬಿಡುವುದೇ ಆರೋಗ್ಯಕರ.

ಎಲ್ಲಕ್ಕಿಂತ ಗುರುತರವಾದ ಎಲ್ಲೆ ಸಾಮಾಜಿಕವಾದುದು. ನಸುಕಿನಲ್ಲಿ ಎದ್ದು ಅಡಿಗೆ ಮುಗಿಸಿ ಬಸ್ಸು ಹಿಡಿದು ದಿನವಿಡೀ ಹೊಲಿಗೆಯಂತ್ರದ ಮುಂದೆ ಕುಳಿತು, ಕತ್ತಲಾದ ಮೇಲೆ ಮನೆಗೆ ಮರಳುವ ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸಿಗೆ ದಿನಕ್ಕೆ ಅರ್ಧ ಗಂಟೆ ನಡೆಯಿರಿ, ಎಂಟು ಗಂಟೆ ಮಲಗಿರಿ ಎಂದು ಹೇಳುವುದು ಸುಲಭ. ಆ ಅರ್ಧ ಗಂಟೆಯನ್ನು ಆಕೆಗೆ ಒದಗಿಸುವುದು ಬೇರೆಯ ಮಾತು. ಕಾಲುದಾರಿಯಿಲ್ಲದ ರಸ್ತೆ, ಬೀದಿದೀಪವಿಲ್ಲದ ಬಡಾವಣೆ, ಬೆಲೆಯೇರಿದ ಹಣ್ಣು ತರಕಾರಿ ಇವು ಯಾರ ಮನೋಬಲದ ಕೊರತೆಯೂ ಅಲ್ಲ. ಆಕೆಯಂಥವರು ಸೋತಾಗ ಅದನ್ನು ಆಲಸ್ಯವೆಂದು ಕರೆಯುವುದು ಅನ್ಯಾಯ. ಆರೋಗ್ಯಸಂಕಲ್ಪವನ್ನು ಬೋಧಿಸುವ ವೈದ್ಯರೂ ಶಿಕ್ಷಕರೂ ಪತ್ರಿಕೆಗಳೂ ಅದೇ ಉಸಿರಿನಲ್ಲಿ ಊರೂರಿನ ಪುರಸಭೆಯನ್ನು ನಡೆಯಲು ಯೋಗ್ಯವಾದ ಹಾದಿಗಾಗಿಯೂ, ಕೆಲಸ ಕೊಡುವವರನ್ನು ನಡುವಣ ವಿರಾಮಕ್ಕಾಗಿಯೂ ಒತ್ತಾಯಿಸಬೇಕು.